ಅರ್ಧ ದಿನದಲ್ಲಿ ಐಹೊಳೆ: ಗೈಡ್ ಜೊತೆ ನೋಡುವ ಕ್ರಮ, ಹಂತ ಹಂತವಾಗಿ

ಐಹೊಳೆ ನೋಡಿ ಬಂದೆವು ಅನ್ನುವವರನ್ನು ನಾನು ಒಂದೇ ಪ್ರಶ್ನೆ ಕೇಳುತ್ತೇನೆ: "ಮೇಗುತಿ ಹತ್ತಿದ್ರಾ?" ಊರ ಪಕ್ಕದ ಗುಡ್ಡ ಅದು, ತುದಿಯಲ್ಲಿ ಹಳೆಯ ಜೈನ ಗುಡಿ ಇದೆ. ಹತ್ತರಲ್ಲಿ ಎಂಟು ಮಂದಿ "ಅದೆಲ್ಲಿದೆ?" ಅಂತಾರೆ. ದುರ್ಗಾ ಗುಡಿ ಮುಂದೆ ಫೋಟೊ ತೆಗೆಸಿಕೊಂಡು, ಮುಕ್ಕಾಲು ಗಂಟೆಯಲ್ಲಿ ಕಾರು ಹತ್ತಿರುತ್ತಾರೆ. ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರನ್ನೂ ಒಂದೇ ದಿನಕ್ಕೆ ತುರುಕಿದರೆ ಹೀಗೇ ಆಗುತ್ತದೆ. ಕೊನೆಗೆ ಬರುವ ಊರಿಗೆ ಉಳಿಯುವುದು ಬಿಸಿಲು ಮತ್ತು ಸುಸ್ತು ಮಾತ್ರ.

ನನಗೂ ಹೀಗೆ ಆಗಿದೆ. ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಅಪ್ಪ ಶಾಲೆಯಲ್ಲಿ ವರ್ಷಗಟ್ಟಲೆ ಇಮ್ಮಡಿ ಪುಲಕೇಶಿಯ ಪಾಠ ಮಾಡಿದವರು. ಗುಡ್ಡದ ಬುಡದಲ್ಲಿ ಗೈಡ್ "ಮ್ಯಾಲೇನಿಲ್ರಿ ಸರ, ಬರೇ ಕಲ್ಲು" ಅಂದ. ನಂಬಿ ವಾಪಸ್ ಬಂದೆವು. ಅಪ್ಪ ಪಾಠ ಮಾಡಿದ ಪುಲಕೇಶಿಯ ಶಾಸನ ಅದೇ ಮೇಗುತಿ ಗುಡ್ಡದ ಮೇಲಿತ್ತು. ಅಪ್ಪ ಅದನ್ನು ಕಣ್ಣಾರೆ ನೋಡಲೇ ಇಲ್ಲ. ಇನ್ನೊಬ್ಬರಿಗೆ ಹಾಗೆ ಆಗಬಾರದು ಅಂತಲೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಹಂತ 1: ಒಂದೇ ಊರು ಅಂತ ಗಟ್ಟಿ ಮಾಡಿಕೊಳ್ಳಿ

ಐಹೊಳೆಯಲ್ಲಿ ಸಣ್ಣವು ದೊಡ್ಡವು ಸೇರಿ ನೂರಕ್ಕೂ ಹೆಚ್ಚು ಗುಡಿಗಳಿವೆ. ಐದೂವರೆ ಗಂಟೆಯಲ್ಲಿ ಎಲ್ಲವನ್ನೂ ನೋಡಲು ಆಗುವುದಿಲ್ಲ. ಮೂರು ಕಡೆ ಚೆನ್ನಾಗಿ ನೋಡಬಹುದು: ಮೇಗುತಿ ಗುಡ್ಡ, ರಾವಣಫಡಿ ಗುಹೆ, ದುರ್ಗಾ ಗುಡಿಯ ಆವರಣ. ಸಮಯ ಉಳಿದರೆ ಇನ್ನೊಂದು.

ಬಾದಾಮಿಯಿಂದ ಐಹೊಳೆ ಸುಮಾರು 35 ಕಿಲೋಮೀಟರ್. ದಾರಿಯಲ್ಲಿ, ಬಾದಾಮಿಯಿಂದ 22 ಕಿಲೋಮೀಟರಿನಲ್ಲಿ ಪಟ್ಟದಕಲ್ಲು ಸಿಗುತ್ತದೆ. ಮೊದಲ ತಪ್ಪು ಇಲ್ಲೇ ಆಗುವುದು. "ಹೆಂಗೂ ದಾರೀಲೇ ಇದೆ, ಹತ್ತು ನಿಮಿಷ ಇಳಿಯೋಣ" ಅಂತ ಯಾರೋ ಅಂತಾರೆ. ಆ ಹತ್ತು ನಿಮಿಷ ಒಂದೂವರೆ ಗಂಟೆ ಆಗುತ್ತದೆ. ಪಟ್ಟದಕಲ್ಲಿಗೆ ಇನ್ನೊಂದು ದಿನ ಇಡಿ. ಬೆಳಿಗ್ಗೆ ಅಲ್ಲಿ ಇಳಿಯುವುದೇ ಬೇಡ.

ದಿನ ಆರಿಸುವಾಗ ನಾಲ್ಕು ವಿಷಯ ನೋಡಿ. ಶುಕ್ರವಾರ ಮ್ಯೂಸಿಯಂಗೆ ರಜೆ, ಆ ದಿನ ಬಿಟ್ಟುಬಿಡಿ. ಏಪ್ರಿಲ್, ಮೇ ತಿಂಗಳಲ್ಲಿ ಒಂಬತ್ತು ಗಂಟೆಗೇ ಕಲ್ಲು ಕಾದಿರುತ್ತದೆ. ಅಕ್ಟೋಬರಿನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಜನವರಿಯಲ್ಲಿ ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಇರುತ್ತದೆ. ಆಗ ಬಾದಾಮಿಯಲ್ಲಿ ರೂಮು, ಗಾಡಿ ಎರಡೂ ಸಿಗುವುದು ಕಷ್ಟ.

ಇನ್ನು ಮಳೆಗಾಲ. ಇಲ್ಲಿ ಮಳೆ ಬರದಿದ್ದರೂ ಮಲಪ್ರಭೆ ಏರಬಹುದು, ಯಾಕಂದ್ರೆ ನೀರು ಮೇಲಿನ ನವಿಲುತೀರ್ಥ ಡ್ಯಾಮಿನಿಂದ ಬಿಡುತ್ತಾರೆ. 2019ರ ಆಗಸ್ಟಿನಲ್ಲಿ ಪಟ್ಟದಕಲ್ಲು, ಐಹೊಳೆ ಎರಡಕ್ಕೂ ಹೊಳೆ ನುಗ್ಗಿತ್ತು. ಜುಲೈನಿಂದ ಸೆಪ್ಟೆಂಬರ್ ಒಳಗೆ ಹೊರಡುವವರು ಹಿಂದಿನ ದಿನ ಡ್ಯಾಮಿನ ಸುದ್ದಿ ಕೇಳಿಕೊಳ್ಳಿ. ನೀರು ಬಿಟ್ಟಿದ್ದಾರೆ ಅಂದರೆ ಪ್ರವಾಸ ಮುಂದಕ್ಕೆ ಹಾಕಿ.

ಹಂತ 2: ಗೈಡ್ ಹುಡುಕುವುದು, ಮಾತು ಮುಗಿಸುವುದು

ಇಡೀ ಅರ್ಧ ದಿನ ಚೆನ್ನಾಗಿ ಕಳೆಯುವುದೋ ಕೆಡುವುದೋ ಇಲ್ಲಿ ತೀರ್ಮಾನವಾಗುತ್ತದೆ. ಅದಕ್ಕೇ ಈ ಹಂತಕ್ಕೆ ಸ್ವಲ್ಪ ಜಾಸ್ತಿ ಸಮಯ ಕೊಡಿ.

ಬೆಳಿಗ್ಗೆ ಏಳಕ್ಕೆ ಐಹೊಳೆಗೆ ಹೋಗಿ "ಗೈಡ್ ಯಾರಾದ್ರೂ ಇದ್ದೀರಾ?" ಅಂತ ಕೇಳಿದರೆ ಸಿಗುವ ಭರವಸೆ ಇಲ್ಲ. ಹಿಂದಿನ ಸಂಜೆಯೇ ಗೊತ್ತು ಮಾಡಿ. ನೀವು ಉಳಿದ ಲಾಡ್ಜಿನವರು, ಬಾದಾಮಿ ಗುಹೆಗಳ ಗೇಟಿನ ಹತ್ತಿರ ನಿಲ್ಲುವ ಗೈಡ್‌ಗಳು, ಇವರಲ್ಲಿ ವಿಚಾರಿಸಿ. ಪ್ರವಾಸೋದ್ಯಮ ಇಲಾಖೆ ಗೈಡ್‌ಗಳಿಗೆ ತರಬೇತಿ ಕೊಟ್ಟು ಗುರುತಿನ ಚೀಟಿ ಕೊಡುತ್ತದೆ. ಆ ಚೀಟಿ ತೋರಿಸಿ ಅಂತ ಕೇಳಲು ಸಂಕೋಚ ಬೇಡ. ಒಳ್ಳೆಯ ಗೈಡ್ ಕೇಳುವ ಮೊದಲೇ ತೋರಿಸುತ್ತಾರೆ.

ಆಮೇಲೆ ಎರಡು ಪ್ರಶ್ನೆ ಕೇಳಿ. ಇವು ಪರೀಕ್ಷೆ ಅನ್ನಿಸದ ಹಾಗೆ, ಮಾತಿನ ನಡುವೆ ಕೇಳಿ.

ಒಂದು: "ದುರ್ಗಾ ಗುಡಿಗೆ ಆ ಹೆಸರು ಯಾಕೆ ಬಂತು?" "ದುರ್ಗಾದೇವಿ ಗುಡಿ, ಅದಕ್ಕೇ" ಅಂದರೆ ಅವರಿಗೆ ಓದು ಕಡಿಮೆ ಅಂತ ತಿಳಿಯಿರಿ. ಗುಡಿಯ ಪಕ್ಕ ಕೋಟೆ ಇತ್ತು, ಅಂದರೆ ದುರ್ಗ. ಅದರಿಂದ ಬಂದ ಹೆಸರು ಅದು.

ಎರಡು: "ಮೇಗುತಿ ಶಾಸನ ಯಾವ ಭಾಷೆ?" ಹಳಗನ್ನಡ ಅನ್ನುವವರು ತುಂಬಾ ಮಂದಿ. ಲಿಪಿ ಹಳೆಯ ಕನ್ನಡದ್ದು, ಭಾಷೆ ಸಂಸ್ಕೃತ. ಇದು ಗೊತ್ತಿರುವ ಗೈಡ್ ಸಿಕ್ಕರೆ ಕೈ ಬಿಡಬೇಡಿ.

ಹಣದ ಮಾತು ಪೂರ್ತಿ ಮುಗಿಸಿಯೇ ಏಳಿ. ಜಗಳ ಆಗುವುದು ಮೊತ್ತಕ್ಕಲ್ಲ, ಆ ಮೊತ್ತದಲ್ಲಿ ಏನೇನು ಸೇರಿದೆ ಅನ್ನುವುದಕ್ಕೆ. ನಾನು ಈಗ ಹೀಗೆ ಕೇಳುತ್ತೇನೆ: "ಅಣ್ಣಾರ, ನಾವು ಆರು ಮಂದಿ. ಐಹೊಳಿ ಒಂದ ನೋಡೋರು. ಮುಂಜಾನೆ ಏಳರಿಂದ ಮಧ್ಯಾಹ್ನ ಹನ್ನೆರಡೂವರಿ ತನಕ. ಮೇಗುತಿ ಗುಡ್ಡ ಹತ್ತಬೇಕು, ರಾವಣಫಡಿ ನೋಡಬೇಕು, ದುರ್ಗಾ ಗುಡಿ ಕಡೀಕ. ಎಲ್ಲಾ ಸೇರಿ ಎಷ್ಟ್ರಿ?" ಈ ಒಂದು ಮಾತಿನಲ್ಲಿ ಜನ, ಜಾಗ, ಸಮಯ, ಕ್ರಮ ನಾಲ್ಕೂ ಬಂದುಬಿಡುತ್ತವೆ. ಅವರು ನಿಮ್ಮ ಗಾಡಿಯಲ್ಲೇ ಬರುತ್ತಾರಾ, ತಿಂಡಿ ಯಾರದ್ದು, ಅದನ್ನೂ ಆಗಲೇ ಕೇಳಿ. ಒಪ್ಪಿದ್ದನ್ನು ಅವರ ಮೊಬೈಲಿಗೆ ಮೆಸೇಜ್ ಮಾಡಿ. ಮುಂಗಡ ಕೊಟ್ಟರೆ ಸ್ವಲ್ಪವೇ ಕೊಡಿ.

ಎಚ್ಚರಿಕೆಯ ಲಕ್ಷಣ: ಮೇಗುತಿ ಹೆಸರು ಎತ್ತಿದ ಕೂಡಲೇ "ಅಲ್ಲಿ ಗೇಟ್ ಹಾಕಿರತಾರ", "ಹತ್ತಾಕ ಆಗಂಗಿಲ್ಲ", "ಏನೂ ಇಲ್ಲ" ಅಂದರೆ ಆ ಗೈಡ್ ಬೇಡ. ಗೇಟಿನ ವಿಷಯ ನಿಜವೂ ಇರಬಹುದು. ಆದರೆ ಕೆಲಸ ಬಲ್ಲ ಗೈಡ್ "ಕಾವಲುಗಾರರಿಗೆ ಫೋನ್ ಮಾಡಿ ಕೇಳ್ತೀನಿ" ಅಂತಾರೆ. ಅದೇ ವ್ಯತ್ಯಾಸ.

ಹಂತ 3: ಹಿಂದಿನ ರಾತ್ರಿ ಚೀಲ ತುಂಬಿಡಿ

ಒಬ್ಬರಿಗೆ ಎರಡು ಲೀಟರ್ ನೀರು. ಗುಡ್ಡದ ಮೇಲೆ ನೀರು ಸಿಗುವುದಿಲ್ಲ. ಟೋಪಿ, ಹಿಡಿತ ಇರುವ ಶೂ. ಪೂಜೆ ನಡೆಯುವ ಗುಡಿಗಳಲ್ಲಿ ಚಪ್ಪಲಿ ಬಿಡಬೇಕು, ಆಗ ಕಾದ ಕಲ್ಲಿನ ಮೇಲೆ ಕಾಲುಚೀಲ ಇದ್ದರೆ ಅನುಕೂಲ. ಚಿಲ್ಲರೆ ಹಣ ಇರಲಿ, ನೆಟ್‌ವರ್ಕ್ ಕೈ ಕೊಟ್ಟರೆ ಮೊಬೈಲ್ ಪಾವತಿ ನಡೆಯುವುದಿಲ್ಲ. ಮ್ಯಾಪನ್ನೂ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ.

ಇವೆಲ್ಲಕ್ಕಿಂತ ಮುಖ್ಯ ಒಂದು ಕೈ ಟಾರ್ಚ್. ಮೊಬೈಲಿನ ಬೆಳಕು ಸಾಲದು, ಅದು ಚದುರಿ ಬೀಳುತ್ತದೆ. ಸಣ್ಣದಾದರೂ ಒಂದೇ ಕಡೆ ಬೆಳಕು ಬೀಳುವ ಟಾರ್ಚ್ ಬೇಕು. ಯಾಕೆ ಅಂತ ರಾವಣಫಡಿಯಲ್ಲಿ ಗೊತ್ತಾಗುತ್ತದೆ.

ತಿಂಡಿ ಕಟ್ಟಿಸಿಕೊಳ್ಳಿ. ಅಷ್ಟು ಬೆಳಿಗ್ಗೆ ಊರಲ್ಲಿ ಹೋಟೆಲ್ ನಂಬಿ ಹೋಗಬೇಡಿ. ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಇದ್ದರೆ ಸಾಕು. ಗುಡ್ಡ ಇಳಿದ ಮೇಲೆ ಅದರ ರುಚಿಯೇ ಬೇರೆ.

ಹಂತ 4: ನಾಲ್ಕೂಮುಕ್ಕಾಲಿಗೆ ಏಳಿ, ಐದೂಮುಕ್ಕಾಲಿಗೆ ಹೊರಡಿ

ಬಾದಾಮಿಯಿಂದ ಒಂದು ಗಂಟೆಯ ದಾರಿ. ರಸ್ತೆಯಲ್ಲಿ ಕುರಿ ಹಿಂಡು, ಕಬ್ಬಿನ ಟ್ರ್ಯಾಕ್ಟರ್ ಎದುರಾಗುತ್ತವೆ, ಅದಕ್ಕೆ ಹದಿನೈದು ನಿಮಿಷ ಸೇರಿಸಿ.

ರೈಲಿನಲ್ಲಿ ಬರುವವರು ಗಮನಿಸಿ: ಬಾದಾಮಿ ಸ್ಟೇಷನ್ ಊರಿನಿಂದ ಸುಮಾರು 5 ಕಿಲೋಮೀಟರ್ ಹೊರಗಿದೆ. ಅದೇ ದಿನ ಬೆಳಿಗ್ಗೆ ರೈಲು ಇಳಿದು ಐಹೊಳೆಗೆ ಓಡುವ ಲೆಕ್ಕ ಹಾಕಬೇಡಿ, ರೈಲು ಸ್ವಲ್ಪ ತಡವಾದರೂ ಬಿಸಿಲಿಗೆ ಸಿಕ್ಕಿಬೀಳುತ್ತೀರಿ. ಹಿಂದಿನ ರಾತ್ರಿ ಬಂದು ಉಳಿಯಿರಿ. ಬಸ್ಸು, ಟಂಟಂ ಇವೆ, ಆದರೆ ಏಳರೊಳಗೆ ಐಹೊಳೆ ಮುಟ್ಟಲು ಬಾಡಿಗೆ ಗಾಡಿಯೇ ಸರಿ. ಡ್ರೈವರಿಗೂ ರಾತ್ರಿಯೇ ಹೇಳಿ: ಪಟ್ಟದಕಲ್ಲಿನಲ್ಲಿ ನಿಲ್ಲಿಸೋದಿಲ್ಲ, ನೇರ ಮೇಗುತಿ ಬುಡಕ್ಕೆ.

ಹಂತ 5: ಮೊದಲು ಮೇಗುತಿ (7ರಿಂದ 8:45)

ಎಲ್ಲರೂ ದುರ್ಗಾ ಗುಡಿಯಿಂದ ಶುರು ಮಾಡುತ್ತಾರೆ. ಅಲ್ಲಿ ಗೇಟಿದೆ, ಪಾರ್ಕಿಂಗ್ ಇದೆ, ಹುಲ್ಲುಹಾಸಿದೆ. ಅದು ಮುಗಿಯುವಷ್ಟರಲ್ಲಿ ಹನ್ನೊಂದಾಗುತ್ತದೆ. ಆಗ ಗುಡ್ಡ ನೋಡಿ "ಇದು ಬೇಡ" ಅನ್ನಿಸುವುದು ಸಹಜ. ಕ್ರಮ ತಿರುಗಿಸಿ. ತಂಪಿನಲ್ಲಿ ಗುಡ್ಡ, ಬಿಸಿಲಿನಲ್ಲಿ ನೆರಳಿರುವ ಗುಡಿ.

ಮೆಟ್ಟಿಲು ಹತ್ತುವಾಗ ಪೂರ್ತಿ ಮೇಲೆ ಹೋಗುವ ಮೊದಲೇ ಎರಡಂತಸ್ತಿನ ಬೌದ್ಧ ಗುಡಿ ಸಿಗುತ್ತದೆ. ಅರ್ಧ ಕಟ್ಟಿದ್ದು, ಅರ್ಧ ಬಂಡೆಯಲ್ಲೇ ಕೊರೆದದ್ದು. ಇಲ್ಲಿ ಐದು ನಿಮಿಷ ಕೂತು ಉಸಿರು ತೆಗೆದುಕೊಳ್ಳಿ. ಮೇಲಿನ ಪಡಸಾಲೆಯ ಚಾವಣಿಯಲ್ಲಿ ಕೂತ ಬುದ್ಧನ ಕೆತ್ತನೆ ಇದೆ, ತಲೆ ಎತ್ತಿ ನೋಡದವರಿಗೆ ಕಾಣುವುದಿಲ್ಲ. ಮಂಡಿ ನೋವಿನ ಹಿರಿಯರು ಇಲ್ಲೇ ಉಳಿಯಬಹುದು.

ತುದಿಯಲ್ಲಿ ಕೋಟೆ ಗೋಡೆಯ ಒಳಗೆ ಜೈನ ಗುಡಿ. ಒಳಗೆ ಹೋಗುವ ಅವಸರ ಬೇಡ. ಗೈಡಿಗೆ "ಮೊದಲು ಶಾಸನ ತೋರಿಸಿ" ಅನ್ನಿ. ಅದು ಗುಡಿಯ ಪೂರ್ವ ಗೋಡೆಯ ಹೊರಗಿದೆ. ಬೆಳಗಿನ ಬಿಸಿಲು ಆ ಗೋಡೆಯ ಮೇಲೇ ಬೀಳುತ್ತದೆ. ಮಧ್ಯಾಹ್ನದ ಮೇಲೆ ಅಲ್ಲಿ ನೆರಳು, ಅಕ್ಷರಗಳು ಕಲ್ಲಿನಲ್ಲಿ ಕರಗಿ ಹೋದಂತೆ ಕಾಣುತ್ತವೆ. ಬೆಳಿಗ್ಗೆ ಬರಲೇಬೇಕು ಅನ್ನುವುದಕ್ಕೆ ಇದು ಎರಡನೇ ಕಾರಣ.

ಹತ್ತೊಂಬತ್ತು ಸಾಲು. ಇಮ್ಮಡಿ ಪುಲಕೇಶಿಯ ಕಾಲದಲ್ಲಿ ರವಿಕೀರ್ತಿ ಬರೆದ 37 ಪದ್ಯಗಳು. ಸುಮ್ನೆ ನೋಡಿದರೆ ಇರುವೆ ಸಾಲಿನ ಹಾಗೆ ಕಾಣುತ್ತದೆ, ಎರಡೇ ನಿಮಿಷಕ್ಕೆ ಜನ ಹೊರಟುಬಿಡುತ್ತಾರೆ. ನೀವು ಗೈಡಿಗೆ ಮೂರು ಜಾಗ ಬೆರಳು ತೋರಿಸಿ ಹೇಳಲು ಕೇಳಿ, ಮುಟ್ಟದೆ. ಪುಲಕೇಶಿಗೆ ಸೋತ ಉತ್ತರದ ರಾಜ ಹರ್ಷನ ಹರ್ಷ, ಅಂದರೆ ಸಂತೋಷ, ಇಳಿದುಹೋಯಿತು ಅಂತ ಕವಿ ಪದದ ಜೊತೆ ಆಡಿದ ಸಾಲು. ಭಾರತ ಯುದ್ಧದಿಂದ 3735 ವರ್ಷ, ಶಕ 556 ಎಂದು ಕಾಲ ಹೇಳುವ ಜಾಗ, ಅಂದರೆ ಕ್ರಿಸ್ತಶಕ 634ರ ಸುಮಾರು. ಮತ್ತೆ ಕೊನೆಯ ಕಡೆಗೆ ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಳ್ಳುವ ಜಾಗ. ಆ ಇಬ್ಬರ ಹೆಸರು ಇರುವ ಕಲ್ಲನ್ನು ಗೇಣು ದೂರದಿಂದ ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು. ಅಪ್ಪ ಜೊತೆಗಿರಬೇಕಿತ್ತು ಅನ್ನಿಸಿತು.

ಇಲ್ಲಿ ಮಾಡಬಾರದ್ದು: ಅಕ್ಷರ ಎದ್ದು ಕಾಣಲಿ ಅಂತ ನೀರು ಹಾಕುವುದು, ಸೀಮೆಸುಣ್ಣ ಬಳಿಯುವುದು, ಪುಡಿ ಒರೆಸುವುದು. ಇದು ಮರಳುಗಲ್ಲು. ಉಜ್ಜಿದರೆ ಪುಡಿಪುಡಿಯಾಗಿ ಉದುರುತ್ತದೆ. ಗೈಡೇ ಹಾಗೆ ಮಾಡಲು ಹೋದರೆ ತಡೆಯಿರಿ. ಸಂರಕ್ಷಿತ ಸ್ಮಾರಕ ಕೆಡಿಸಿದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಕಾನೂನು ಬಿಡಿ, ಸಾವಿರದ ಮುನ್ನೂರಕ್ಕೂ ಹೆಚ್ಚು ವರ್ಷ ಉಳಿದದ್ದನ್ನು ನಮ್ಮ ಒಂದು ಫೋಟೊಗೋಸ್ಕರ ಸವೆಸಬಾರದು ಅಲ್ವಾ?

ಇಳಿಯುವ ಮೊದಲು ಗುಡ್ಡದ ಮೇಲಿನಿಂದ ಊರು ನೋಡಿ. ದುರ್ಗಾ ಗುಡಿಯ ದುಂಡಗಿನ ಬೆನ್ನು ಎಲ್ಲಿದೆ, ಹೊಳೆ ಎಲ್ಲಿದೆ ಅಂತ ಗೈಡ್ ಇಲ್ಲಿಂದಲೇ ತೋರಿಸಿದರೆ ಮುಂದಿನ ದಾರಿ ತಲೆಯಲ್ಲಿ ಕೂರುತ್ತದೆ. ಆದರೆ ಅಂಚಿಗೆ ಹೋಗಬೇಡಿ. ಮಕ್ಕಳ ಕೈ ಹಿಡಿದೇ ಇರಿ. ಮಳೆ ಬಂದಿದ್ದರೆ ಮೆಟ್ಟಿಲು ಜಾರುತ್ತವೆ. ಬಂಡೆಗೆ ಹೆಜ್ಜೇನು ಕಟ್ಟಿದ್ದು ಕಂಡರೆ ಗಲಾಟೆ ಮಾಡದೆ ದೂರ ಸರಿಯಿರಿ, ಸೆಂಟ್ ಹಾಕಿಕೊಂಡು ಬರಲೇಬೇಡಿ. ಗುಡ್ಡದ ಹಿಂಭಾಗದಲ್ಲಿ ಬೃಹತ್ ಶಿಲಾಯುಗದ ಕಲ್ಲುಗೋರಿಗಳಿವೆ. ನೋಡಬೇಕಾದವೇ, ಆದರೆ ಅರ್ಧ ದಿನದ ಲೆಕ್ಕದಲ್ಲಿ ಅವಕ್ಕೆ ಜಾಗ ಸಿಗುವುದಿಲ್ಲ.

ಕೆಳಗಿಳಿದು ಬುತ್ತಿ ಬಿಚ್ಚಿ. ಕಾಗದ, ಪ್ಲಾಸ್ಟಿಕ್ ಚೀಲಕ್ಕೇ ವಾಪಸ್.

ಹಂತ 6: ರಾವಣಫಡಿ (9:15ರಿಂದ 10)

ಗಾಡಿಯಲ್ಲಿ ಕೆಲವೇ ನಿಮಿಷ. ಇದು ಬಂಡೆಯಲ್ಲಿ ಕೊರೆದ ಶಿವನ ಗುಹೆ, ರಾವಣನಿಗೆ ಸಂಬಂಧ ಹೆಸರಿನಲ್ಲಷ್ಟೇ.

ಬಿಸಿಲಿನಿಂದ ಒಳಗೆ ಹೋದ ಕೂಡಲೇ ಏನೂ ಕಾಣುವುದಿಲ್ಲ. ಎರಡು ನಿಮಿಷ ಸುಮ್ಮನೆ ನಿಲ್ಲಿ, ಕಣ್ಣು ಹೊಂದಿಕೊಳ್ಳಲಿ. ಜನ ಈ ಎರಡು ನಿಮಿಷ ನಿಲ್ಲದೆ ಹೊರಗೆ ಬರುತ್ತಾರೆ. ಆಮೇಲೆ ಎಡಗಡೆಯ ಕೋಣೆಗೆ ಹೋಗಿ. ಹತ್ತು ಕೈಗಳ ಶಿವ ಕುಣಿಯುತ್ತಿದ್ದಾನೆ, ಸುತ್ತ ಸಪ್ತಮಾತೃಕೆಯರು.

ಈಗ ಟಾರ್ಚ್ ತೆಗೆಯಿರಿ. ನೇರ ಎದುರಿನಿಂದ ಬೆಳಕು ಬಿಟ್ಟರೆ ಎಲ್ಲಾ ಚಪ್ಪಟೆ, ಗೋಡೆಗೆ ಅಂಟಿಸಿದ ಚಿತ್ರದ ಹಾಗೆ. ಗೋಡೆಯ ಪಕ್ಕಕ್ಕೆ ಸರಿದು, ಟಾರ್ಚನ್ನು ಓರೆಯಾಗಿ ಹಿಡಿದು, ನಿಧಾನವಾಗಿ ಮೇಲೆ ಕೆಳಗೆ ಆಡಿಸಿ. ಮಾತೃಕೆಯರ ಸೀರೆಯ ನಿರಿಗೆ ಒಂದೊಂದೇ ಎದ್ದು ಬರುತ್ತದೆ. ಇಳಕಲ್ ಸೀರೆ ಉಡುವ ಅತ್ತಿಗೆ ಇಲ್ಲಿ ನಿಂತು ನಿರಿಗೆ ಎಣಿಸಲು ಶುರು ಮಾಡಿದ್ದರು, ಅವರನ್ನು ಹೊರಡಿಸಲು ಹತ್ತು ನಿಮಿಷ ಬೇಕಾಯಿತು. ಒಬ್ಬರು ಬೆಳಕು ಹಿಡಿಯಲಿ, ಉಳಿದವರು ನೋಡಲಿ. ಆರು ಜನ ಆರು ಮೊಬೈಲ್ ಬೆಳಕು ಬಿಟ್ಟರೆ ನೆರಳೆಲ್ಲ ಅಳಿಸಿಹೋಗುತ್ತದೆ.

ಹೊರಡುವಾಗ ಚಾವಣಿಯ ಕೆತ್ತನೆಗಳಿಗೂ ಅದೇ ರೀತಿ ಬೆಳಕು ಬಿಡಿ.

ಹಂತ 7: ದುರ್ಗಾ ಗುಡಿಯ ಆವರಣ ಮತ್ತು ಮ್ಯೂಸಿಯಂ (10:15ರಿಂದ 12:15)

ಟಿಕೆಟ್ ಬೇಕಾಗುವುದು ಇಲ್ಲಿ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ವಯಸ್ಸಿನ ದಾಖಲೆ ಕೈಯಲ್ಲಿರಲಿ. ಮ್ಯೂಸಿಯಂ ಗುಡಿಗಳಿಗಿಂತ ತಡವಾಗಿ ಬಾಗಿಲು ತೆರೆಯುತ್ತದೆ, ಈ ಹೊತ್ತಿಗೆ ತೆರೆದಿರುತ್ತದೆ. ಟ್ರೈಪಾಡ್, ಡ್ರೋನ್ ತರಬೇಡಿ, ಅವಕ್ಕೆ ಬೇರೆ ಅನುಮತಿ ಬೇಕು.

ದುರ್ಗಾ ಗುಡಿಯನ್ನು ಬಲಕ್ಕೆ ಇಟ್ಟುಕೊಂಡು ಪ್ರದಕ್ಷಿಣೆಯ ಹಾಗೆಯೇ ಸುತ್ತಿ. ಮೂರ್ತಿಗಳನ್ನು ಆ ನಡಿಗೆಗೆ ತಕ್ಕಂತೆ ಕೂರಿಸಿದ್ದಾರೆ: ನಂದಿಯ ಜೊತೆ ಶಿವ, ನರಸಿಂಹ, ಗರುಡನ ಮೇಲೆ ವಿಷ್ಣು, ವರಾಹ, ಮಹಿಷಮರ್ದಿನಿ, ಕೊನೆಗೆ ಹರಿಹರ. ಉಲ್ಟಾ ಸುತ್ತಿದರೆ ಗೈಡಿನ ಮಾತೂ ಹಿಂದುಮುಂದಾಗುತ್ತದೆ. ಒಂದು ಸುತ್ತು ಗೈಡ್ ಜೊತೆ, ಇನ್ನೊಂದು ಸುತ್ತು ಮಾತಿಲ್ಲದೆ ನೀವೇ ಹಾಕಿ. ಈ ಎರಡನೇ ಸುತ್ತಿಗೆ ಹತ್ತು ನಿಮಿಷ ಬಿಡುವು ಕೊಡಿ ಅಂತ ಗೈಡಿಗೆ ಮೊದಲೇ ಹೇಳಿಡಿ, ಅವರೂ ಚಹಾ ಕುಡಿದು ಬರಲಿ.

ಪಕ್ಕದ ಲಾಡ್‌ಖಾನ್ ಗುಡಿಯಲ್ಲಿ ಕಂಬಗಳಿಗಿಂತ ಮೊದಲು ಮೇಲ್ಛಾವಣಿ ನೋಡಿ, ಹೊರಗಿನಿಂದ. ಇಳಿಜಾರಾಗಿ ಹಾಸುಗಲ್ಲು ಹೊದಿಸಿ, ಎರಡು ಕಲ್ಲು ಕೂಡುವ ಸಂದಿಯ ಮೇಲೆ ಉದ್ದನೆಯ ಕಲ್ಲಿನ ಪಟ್ಟಿ ಇಟ್ಟಿದ್ದಾರೆ. ಮರದ ಮನೆಗೆ ಬಡಗಿ ತೊಲೆ ಹೊಡೆದ ಹಾಗಿದೆ. ಮರದ ಕೆಲಸ ಬಲ್ಲವರು ಕಲ್ಲಿಗೆ ಕೈ ಹಾಕಿದಾಗ ಏನು ಮಾಡಿದರು ಅನ್ನುವುದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಒಳಗೆ ಒಂದೇ ಕಲ್ಲಿನಲ್ಲಿ ಮೆಟ್ಟಿಲು ಕಡಿದ ಏಣಿ ಇದೆ. ಹತ್ತಬೇಡಿ.

ಮ್ಯೂಸಿಯಂನಲ್ಲಿ ಎಲ್ಲವನ್ನೂ ನೋಡಲು ಹೋಗಬೇಡಿ. ಜೈನ ಯಕ್ಷಿ ಅಂಬಿಕೆಯ ಮೂರ್ತಿ ಎಲ್ಲಿದೆ ಅಂತ ಕೇಳಿ. ಬೆಳಿಗ್ಗೆ ನೀವು ಹತ್ತಿದ ಮೇಗುತಿ ಗುಡಿಯಿಂದ ಇಳಿಸಿ ತಂದದ್ದು ಅದು. ಖಾಲಿ ಗುಡಿ ನೋಡಿ ಬಂದ ಕಣ್ಣಿಗೆ ಅವಳು ಇಲ್ಲಿ ಸಿಗುತ್ತಾಳೆ. ಮೇಗುತಿ ಬಿಟ್ಟವರಿಗೆ ಇದು ಬರೀ ಇನ್ನೊಂದು ಮೂರ್ತಿ.

ಗೈಡ್ ಕಥೆಗಳ ಬಗ್ಗೆ ಒಂದು ಮಾತು. ಪರಶುರಾಮ ರಕ್ತದ ಕೊಡಲಿ ತೊಳೆದ, ಹೊಳೆ ಕೆಂಪಾಯಿತು, ಹೆಂಗಸೊಬ್ಬಳು "ಅಯ್ಯೋ ಹೊಳೆ" ಅಂದಳು, ಅದೇ ಐಹೊಳೆ ಆಯಿತು ಅಂತ ಹೇಳುತ್ತಾರೆ. ಕೇಳಿ, ಮಕ್ಕಳಿಗೂ ಕೇಳಿಸಿ, ಊರಿನ ಕಥೆ ಅದು. ಆದರೆ ಶಾಸನಗಳಲ್ಲಿ ಊರಿನ ಹೆಸರು ಅಯ್ಯಾವೊಳೆ ಅಂತಲೂ ಇದೆ. "ಇದು ಕಥೆಯೋ, ಶಾಸನದ್ದೋ?" ಅಂತ ಗೈಡನ್ನು ನಗುತ್ತಲೇ ಕೇಳಿ. ಒಳ್ಳೆಯ ಗೈಡ್ ಎರಡನ್ನೂ ಬೇರೆ ಬೇರೆ ಮಾಡಿ ಹೇಳುತ್ತಾರೆ.

ಹಂತ 8: ಮುಗಿಸುವುದು

ಹನ್ನೆರಡೂಕಾಲಿಗೆ ಲೆಕ್ಕ ಚುಕ್ತಾ ಮಾಡಿ. ಒಪ್ಪಿದ ಹಣ ಪೂರ್ತಿ ಕೊಡಿ, ಚೌಕಾಸಿ ಈಗ ಬೇಡ. ಚೆನ್ನಾಗಿ ತೋರಿಸಿದ್ದರೆ ಮೇಲೆ ಸ್ವಲ್ಪ ಸೇರಿಸಿ. ಅವರ ನಂಬರ್ ಇಟ್ಟುಕೊಂಡು, ಮುಂದೆ ಹೋಗುವ ನೆಂಟರಿಗೆ ಕೊಡಿ.

ಗುಂಪಿನಲ್ಲಿ ಯಾರಿಗಾದರೂ ತಲೆ ಸಿಡಿತ, ವಾಕರಿಕೆ, ಬೆವರು ನಿಂತು ಮೈ ಸುಡುವುದು ಕಂಡರೆ ಅದು ಬಿಸಿಲಿನ ಹೊಡೆತ. ಉಳಿದದ್ದೆಲ್ಲ ಬಿಟ್ಟು ನೆರಳಿಗೆ ಕರೆದೊಯ್ಯಿರಿ, ಮೈಗೆ ಒದ್ದೆ ಬಟ್ಟೆ ಹಾಕಿ, ಹತ್ತಿರದ ಆಸ್ಪತ್ರೆಗೆ ಹೊರಡಿ. 108ಕ್ಕೆ ಫೋನ್ ಮಾಡಿ.

ಎಲ್ಲರೂ ಗಟ್ಟಿಯಾಗಿದ್ದು ಇನ್ನೂ ಮುಕ್ಕಾಲು ಗಂಟೆ ಇದ್ದರೆ ಪಟ್ಟದಕಲ್ಲಿಗೆ ಓಡಬೇಡಿ. ಆವರಣದ ಎದುರಿಗಿರುವ ಅಂಬಿಗೇರ ಗುಡಿ ನೋಡಿ, ಅಲ್ಲಿಂದ ಹೊಳೆಯ ದಡದ ಗಳಗನಾಥ ಗುಡಿಗಳ ಗುಂಪಿಗೆ ಹೋಗಿ. ದುರ್ಗಾ ಗುಡಿಯಲ್ಲಿ ಎಷ್ಟೇ ಗದ್ದಲ ಇರಲಿ, ಅಲ್ಲಿಗೆ ಬರುವವರು ಕಡಿಮೆ. ನೀರು ಏರಿದ ಗುರುತು, ದಡದಲ್ಲಿ ಹಸಿ ಕೆಸರು ಕಂಡರೆ ಕೆಳಗಿಳಿಯದೆ ಮೇಲಿನಿಂದಲೇ ನೋಡಿ ಬನ್ನಿ. ವಾಪಸ್ ಬಾಗಲಕೋಟೆ ಕಡೆಗೆ ಹೋಗುವವರಾದರೆ ಅಮೀನಗಡದ ದಾರಿ ಹಿಡಿಯಿರಿ, ಕರದಂಟು ಅಲ್ಲೇ ಸಿಗುತ್ತದೆ.